ಒರೆಸುವ ಬೆರಳು

ಒಂದು ಜಡೆ ಮುಗಿದಿತ್ತು. ಅಮ್ಮ ಪ್ರತಿಮಾ ಇನ್ನೊಂದಕ್ಕೆ ಕೂದಲು ಬಾಚುತ್ತಿದ್ದಾಗ ಒಳಗಿನಿಂದ ಅಜ್ಜಿ ಚೀರಿದಳು. ಅಮ್ಮ ಓಡಿದಳು. ಬಾಚಣಿಗೆ ದೀಪುವಿನ ತಲೆಯಲ್ಲೇ ಉಳಿಯಿತು.

ಕಾಫಿಗೆ ಎಬ್ಬಿಸಲು ಹೋಗಿದ್ದ ಅಜ್ಜಿ ತಾತನ ಭುಜ ಅಲುಗಿಸುತ್ತಲೇ ಇದ್ದಳು. ತಾತ ಏಳಲಿಲ್ಲ.

ಬಿಸಿಲೇರುವಷ್ಟರಲ್ಲಿ ತಾತ ಬೋರಲಿಂಗಯ್ಯನನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಅಪ್ಪ ಗುಂಡಿ ತೋಡಿಸಲು ಹೊಲಕ್ಕೆ ಹೋದ. ಕೋಡಿಹಳ್ಳಿ, ಸಾತನೂರಿನ ನೆಂಟರು ಬಂದರು.

"ನಿದ್ದೇಲೇ ಓಗ್ಬುಟ್ಟ, ಪುಣ್ಯಾತ್ಮ," ಎಂದಳು ಯಾರೋ ಮುದುಕಿ.

ತಾತನ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಗಂಗಯ್ಯ ಟವೆಲ್ಲಿನಿಂದ ಮೂಗು ಒರೆಸಿಕೊಂಡ. "ನಾನು ರೈಟ್ ಅನ್ನಕ್ ಮುಂಚೇನೆ ಗಾಡಿ ಎತ್ಬುಡೋನು. ಇವತ್ತೂ ಅಂಗೇ ಮಾಡ್ದ ನೋಡು."

ಒಂದೇ ಜಡೆಯ ದೀಪು ಕಂಬ ಹಿಡಿದು ನಿಂತಿದ್ದಳು. ಅವಳಿಗೆ ಅಳು ಬರುತ್ತಿರಲಿಲ್ಲ. ನಿನ್ನೆ ಸಂಜೆ ತಾತನನ್ನು ಒರೆಸಿದ್ದು ಅವಳೇ.

*

ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ತಾತ ಪೆನ್ಸಿಲ್ ಹಿಡಿದಿದ್ದ. "ಸರ್ವಿಸ್ನಾಗೆಲ್ಲ ಮುಂದ್ಕೇ ನೋಡಿದ್ದಾಯ್ತು, ಈಗ ಒಸಿ ಪಕ್ಕುಕ್ ನೋಡಾನ," ಎಂದು ರಸ್ತೆಬದಿಯ ಮರ, ಮೇಕೆ, ಬಸ್‌ಸ್ಟಾಪು ಬಿಡಿಸುತ್ತಿದ್ದ. ಅಮ್ಮ ಅವುಗಳ ಫೋಟೊ ತೆಗೆದು, ಟ್ಯಾಬಿನಲ್ಲಿ ಬಣ್ಣ ತುಂಬಿ, ಪುಟ ಜೋಡಿಸುತ್ತಿದ್ದಳು. ಚಿತ್ರಗಳ ಪುಸ್ತಕ ಅಚ್ಚು ಹಾಕಿಸಬೇಕೆಂದು ಮಾವ-ಸೊಸೆಯರ ಆಸೆ. ಪರದೆಯ ಮೇಲೆ ಬೆರಳಾಡಿಸಿ ಕಾಗದದ ಕೊಳೆ ಒರೆಸುವುದು ದೀಪುವಿನ ಪಾಲಿನ ಕೆಲಸ.

ಒಮ್ಮೆ ಕೊಳೆಯೆಂದುಕೊಂಡು ಸಾತನೂರು ರಸ್ತೆಯ ಹುಣಸೆಮರವನ್ನೇ ಒರೆಸಿಬಿಟ್ಟಳು. ಆ ವಾರದಲ್ಲೇ ರಸ್ತೆ ಅಗಲ ಮಾಡುವವರು ನಿಜವಾದ ಮರವನ್ನು ಕಡಿದರು.

ತಾತ ನಕ್ಕಿದ್ದ. "ನೀನ್ ಒರ್ಸಿದ್ಕೇ ಕಡುದ್ಬುಟ್ರು ಕಣವ್ವ! ಉಸಾರು, ನನ್ನೂ ಒರ್ಸ್ಬುಟ್ಟೀಯ!"

ನಿನ್ನೆ ಅವಳು ಬರೆದ ಮೇಕೆ ನೋಡಿ, "ಇದೇನವ್ವ, ಕಾಲಿರೋ ದಿಂಬಾ?" ಎಂದು ಎಲ್ಲರಿಗೂ ತೋರಿಸಿದ್ದ. ಪುಸ್ತಕದ ಕೊನೆಯ ಪುಟದಲ್ಲಿ, ಚೀಲ ಹಿಡಿದು ಬಸ್ಸಿಗೆ ಕಾಯುತ್ತ ತಾತನೇ ನಿಂತಿದ್ದ. ದೀಪು ಸಿಟ್ಟಿನಲ್ಲಿ ಪರದೆಯ ಮೇಲಿನ ಆ ಚಿತ್ರವನ್ನು ಒರೆಸಿದಳು. ಮೊದಲು ಕಾಲು, ಆಮೇಲೆ ಚೀಲ, ಕೊನೆಗೆ ಮುಖ. ಸೇವ್ ಒತ್ತಿದಳು.

*

"ಪ್ರತಿಮಾ, ಫ್ಲೆಕ್ಸ್‌ಗೆ ಒಂದು ಫೋಟೊ ಕೊಡವ್ವ," ಎಂದ ದೊಡ್ಡಪ್ಪ ಅನಂತರಾಜು. "ಎತ್ತೋ ಒತ್ಗೆ ಪ್ರಿಂಟಾಗಿ ಬರ್ಬೇಕು."

"ಮಾವ ಒಬ್ರೇ ಇರೋ ಫೋಟೊ ಇಲ್ಲ ಭಾವ. ಹಬ್ಬದಲ್ ತೆಗ್ದಿದ್ದು ಒಂದೈತೆ, ಅದ್ರಲ್ಲಿ ಎಲ್ಲಾರೂ ಇದೀವಿ."

"ನಿಂಗೇ ಬತ್ತದಲ್ಲ. ಪಕ್ದೋರ್ನೆಲ್ಲ ಒರ್ಸಾಕು. ಅಪ್ಪ ಒಬ್ರೇ ಇರ್ಲಿ."

ಅಮ್ಮ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡಳು. ದೀಪು ಕಂಬ ಬಿಟ್ಟು ಹತ್ತಿರ ಬಂದಳು. ಫೋಟೊದಲ್ಲಿ ನಡುವೆ ತಾತ. ಒಂದು ಪಕ್ಕ ಅಜ್ಜಿ. ಇನ್ನೊಂದು ಪಕ್ಕ ಅಮ್ಮ, ಅವಳ ಸೊಂಟಕ್ಕೆ ಅಂಟಿಕೊಂಡು ತಾನು.

ಅಮ್ಮನ ಬೆರಳು ಅಜ್ಜಿಯ ಸೆರಗಿನ ಮೇಲಿಳಿಯಿತು. ಸೆರಗು ಹೋಯಿತು. ಭುಜ ಹೋಯಿತು.

ದೀಪು ತಿರುಗಿ ನೋಡಿದಳು. ತಾತನ ತಲೆಯ ಬಳಿ ಅಜ್ಜಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

ಬೆರಳು ಕತ್ತು ದಾಟಿ ಮುಖದತ್ತ ಹೊರಟಿತು. ದೀಪು ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಏನ್ ಮಗ? ಬುಡು."

ಬಿಡಲಿಲ್ಲ.

"ನಾನು ತಾತುನ್ನ ಒರ್ಸಿದ್ದೆ, ಅಮ್ಮ. ಈಗ ನೀನು ಒರ್ಸಿದ್ರೆ ಅಜ್ಜಿನೂ ಸತ್ತೋಗ್ತಾಳಾ?"