ಒಂದು ಮನೆ ಪಕ್ಕಕ್ಕೆ

"ಡ್ರಾ?" ಎಂದು ಗಡ್ಡದವನು ಮೆಲ್ಲಗೆ ಕೇಳಿದಾಗ ಇಪ್ಪತ್ತೆರಡನೆಯ ನಡೆ ಮುಗಿದಿತ್ತಷ್ಟೆ. ಬಿಳಿ ಕಾಯಿಗಳ ಆಟಗಾರ ಅಭ್ಯಾಸದಂತೆ ಕೈ ಚಾಚಲು ಹೊರಟವನು, ಚಾಚದೆ ಮೇಜಿನಂಚನ್ನು ಹಿಡಿದುಕೊಂಡ.

ಒಂಬತ್ತು ಸುತ್ತಿನ ಪಂದ್ಯಾವಳಿಯಲ್ಲಿ ಅವನು ಎಂಟು ಆಟ ಮುಗಿಸಿದ್ದ, ಎಂಟೂ ಡ್ರಾ. ಡ್ರಾ ಆದರೆ ಇಬ್ಬರಿಗೂ ಸಿಗುವುದು ಅರ್ಧ ಅಂಕ. ಹಾಗಾಗಿ ಆಟಗಾರರ ನಡುವೆ ಅವನ ಹೆಸರೇ ಅರ್ಧಣ್ಣ. ಇವತ್ತೂ ಅರ್ಧ ಸಿಕ್ಕರೆ ಮುಂದಿನ ವರ್ಷದ ಆಹ್ವಾನ ಖಚಿತ. ಸೋತರೆ ಅದೂ ಇಲ್ಲ, ನಲವತ್ತು ದಾಟಿದವನನ್ನು ಮತ್ತೆ ಯಾರು ಕರೆಯುತ್ತಾರೆ. ಗಡ್ಡದವನಿಗೂ ಅರ್ಧ ಸಾಕಿತ್ತು. ಹದಿನೈದು ವರ್ಷಗಳಲ್ಲಿ ಇವರಿಬ್ಬರು ಹನ್ನೊಂದು ಬಾರಿ ಎದುರಾಗಿ, ಹನ್ನೊಂದು ಬಾರಿಯೂ ಕಾಫಿ ಆರುವ ಮೊದಲೇ ಕೈ ಕುಲುಕಿ ಎದ್ದಿದ್ದರು.

ಆದರೆ ಇವತ್ತು ಪ್ರೇಕ್ಷಕರ ಎರಡನೆಯ ಸಾಲಿನಲ್ಲಿ ಅವನ ಅಕ್ಕ ಕುಳಿತಿದ್ದಳು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವಳು, ಒಂದು ದಿನ ರಜೆ ಹಾಕಿ ಬಂದಿದ್ದಳು. ಅವನಿಗೆ ಚದುರಂಗ ಕಲಿಸಿದವಳು ಅವಳೇ. ಬೆಳಿಗ್ಗೆ ತಿಂಡಿ ತಿನ್ನುತ್ತ ಹೇಳಿದ್ದಳು:

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ಹಿಂಗೇ ಆಡ್ತಾ ಇರು, ಹಾವು ನಿನ್ ಪಕ್ಕದಲ್ಲೇ ಮಲಗ್ಲಿ."

"ಇಲ್ಲಿ ಎಲ್ರೂ ಹಿಂಗೇ ಆಡೋದು ಅಕ್ಕ. ಈ ಮಟ್ಟದಲ್ಲಿ ಸೋಲದೇ ಇರೋದೇ ಕಷ್ಟ."

"ನಿಂದೇನ್ ತಪ್ಪಿಲ್ಲ ಬಿಡು. ಚಿಕ್ಕೋನಿದ್ದಾಗ ಸೋತ್ರೆ ಊಟ ಬಿಟ್ಟು ಅಳ್ತಿದ್ದೆ. ಸುಮ್ನಾಗ್ಲಿ ಅಂತ ನಾನೇ ಸಮ ಸಮ ಅಂದು ಕಾಯಿ ಎತ್ತಿಡ್ತಿದ್ದೆ. ಆ ಚಟ ಹಿಡ್ಸಿದ್ದು ನಾನೇ." ತಟ್ಟೆ ಸರಿಸಿ, "ಇವತ್ತೂ ಸಮ ಮಾಡ್ಕೊಂಡ್ರೆ ನಾನಂತೂ ಕಾಯಲ್ಲ ಕಣೋ, ಬಸ್ ಹತ್ತಿ ಹೋಗ್ತೀನಿ" ಎಂದಿದ್ದಳು.

ಅರ್ಧಣ್ಣ ಈಗ ಅವಳತ್ತ ನೋಡಲಿಲ್ಲ. "ಆಡೋಣ" ಎಂದ.

ಗಡ್ಡದವನ ಹುಬ್ಬು ಮೇಲೇರಿತು. "ಮೈ ಹುಷಾರಿದೆ ತಾನೇ?"

ಅರ್ಧಣ್ಣನಿಗೆ ಭಯವಾಗಿತ್ತು. ತನ್ನ ರಾಜನ ಕಾವಲಿಗಿದ್ದ ಕಾಲಾಳನ್ನೇ ಮುಂದಕ್ಕೆ ತಳ್ಳಿದ. ಎಷ್ಟೋ ವರ್ಷಗಳಿಂದ ಅಂಥದ್ದು ಮಾಡಿರಲಿಲ್ಲ. ಒಮ್ಮೆಯಂತೂ ಸೋತೇ ಹೋದೆ ಎಂದುಕೊಂಡ. ಆಮೇಲೆ ಗಡ್ಡದವನೂ ತಡವರಿಸಿದ. ಕೊನೆತನಕ ಆಡುವುದು ಅವನಿಗೂ ಮರೆತುಹೋಗಿತ್ತು. ಐವತ್ತೆಂಟನೆಯ ನಡೆಗೆ ಅವನು ಗಡಿಯಾರ ನಿಲ್ಲಿಸಿ, "ಸೋತೆ ಕಣಯ್ಯಾ" ಎಂದು ಕೈ ನೀಡಿದ.

ಆಟ ಮುಗಿದ ಮೇಲೆ ಇಬ್ಬರು ರಾಜರನ್ನೂ ಹಲಗೆಯ ನಟ್ಟನಡುವಿನ ಮನೆಗಳಲ್ಲಿ ಇಡಬೇಕು. ಹಲಗೆಯೊಳಗಿನ ಯಂತ್ರ ಅದನ್ನು ನೋಡಿ ಫಲಿತಾಂಶವನ್ನು ಗೋಡೆಯ ಪರದೆಗೆ ಕಳಿಸುತ್ತದೆ. ಇಬ್ಬರೂ ಬಿಳಿ ಮನೆಗಳಲ್ಲಿದ್ದರೆ ಬಿಳಿಯ ಗೆಲುವು, ಕಪ್ಪು ಮನೆಗಳಲ್ಲಿದ್ದರೆ ಕಪ್ಪಿನದು, ಎದುರುಬದುರು ನಿಂತರೆ ಡ್ರಾ. ಅರ್ಧಣ್ಣನ ಕೈ ಎಂಟು ದಿನದಿಂದ ಮಾಡಿದ್ದನ್ನೇ ಮಾಡಿತು. ರಾಜರು ಎದುರುಬದುರು ನಿಂತರು. ಪರದೆಯ ಮೇಲೆ ಇಬ್ಬರ ಹೆಸರಿನ ಮುಂದೆಯೂ ಅರ್ಧ ಮೂಡಿತು.

ಗೆಲ್ಲುವ ಆಟವನ್ನೂ ಸಮ ಮಾಡಿಕೊಂಡನೆಂದು ಅಕ್ಕ ಚೀಲ ಹೆಗಲಿಗೇರಿಸಿ ಎದ್ದಳು. ಅರ್ಧಣ್ಣನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಬಾಗಿಲ ಕಡೆ ಹೋಗುತ್ತಿದ್ದ ಅವಳ ಬೆನ್ನು ಮಾತ್ರ ಕಂಡಿತು.

ಗಡ್ಡದವನು ಪರದೆ ನೋಡಿದ, ಹಲಗೆ ನೋಡಿದ. ತೀರ್ಪುಗಾರ ಇನ್ನೂ ಆಚೆ ಮೇಜಿನ ಬಳಿ ಇದ್ದ.

"ನಿನ್ ಕೈಗೆ ಬೇರೇದು ಗೊತ್ತೇ ಇಲ್ವಲ್ಲಯ್ಯಾ" ಎಂದು, ತನ್ನ ಕಪ್ಪು ರಾಜನನ್ನು ತಾನೇ ಎತ್ತಿ, ಒಂದು ಮನೆ ಪಕ್ಕಕ್ಕೆ, ಬಿಳಿ ರಾಜನಂತೆಯೇ ಬಿಳಿ ಮನೆಯಲ್ಲಿಟ್ಟ.

ಬಾಗಿಲ ಬಳಿ ಅಕ್ಕ ಒಮ್ಮೆ ತಿರುಗಿ ಪರದೆ ನೋಡಿದಳು. ಆಮೇಲೆ ಮರಳಿ ಬಂದು ಅದೇ ಕುರ್ಚಿಯಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.