ಮುಂದಿನ ಕೋಣೆಯ ರತ್ನಗಂಬಳಿ

ಅತ್ತೆಯನ್ನು ಹೊಗಳುವುದು ನನಗೆ ರೂಢಿಯಿಲ್ಲದ ಕೆಲಸ. ಮದುವೆಯಾಗಿ ಇಷ್ಟು ವರ್ಷವಾದರೂ ಈರುಳ್ಳಿಯನ್ನು ದಪ್ಪಗೆ ಹೆಚ್ಚಬೇಕೋ ಸಣ್ಣಗೆ ಹೆಚ್ಚಬೇಕೋ ಅನ್ನುವುದರಲ್ಲೂ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಆದರೆ ಆ ಚಳಿಗಾಲದಲ್ಲಿ ಶೌಕ್ಯೆ ಅತ್ತೆ ಮಾಡಿದ್ದನ್ನು ನಾನು ಹೇಳದಿದ್ದರೆ ಇನ್ನಾರೂ ಹೇಳುವವರಿಲ್ಲ. ನಮ್ಮ ಫ್ರೀಸ್‌ಲಾಂಡಿನ ಜನ ಹೊಗಳಿಕೆಯಲ್ಲಿ ಮಹಾ ಜಿಪುಣರು. ಯಾರಾದರೂ "ಪರವಾಗಿಲ್ಲ" ಅಂದರೆ ನಮ್ಮಲ್ಲಿ ಅದೇ ಚಿನ್ನದ ಪದಕ.

ಪೂರ್ವದ ಗಾಳಿ ಶುರುವಾದ ಮೊದಲ ದಿನವೇ ಬಚ್ಚಲಿನ ನಲ್ಲಿ ಹೆಪ್ಪುಗಟ್ಟಿತು. ನನ್ನ ಗಂಡ ಯೆಲ್ಮರ್ ನನ್ನ ಕೂದಲು ಒಣಗಿಸುವ ಯಂತ್ರ ಹಿಡಿದು ಪೈಪಿನ ಮುಂದೆ ಭಕ್ತನ ಹಾಗೆ ಮಂಡಿಯೂರಿ ಕೂತ. ಪೈಪಿನೊಳಗಿನ ಮಂಜುಗಡ್ಡೆ ಕರಗಲಿಲ್ಲ, ಫ್ಯೂಸ್ ಹಾರಿತು. ಮಾರನೆಯ ದಿನ ಕಾರಿನ ಬಾಗಿಲು ತೆಗೆಯಲು ಹೋಗಿ ಹಿಡಿಯನ್ನೇ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ. ಅತ್ತೆಯೋ, ಎಂಥ ಚಳಿಯಿದ್ದರೂ ಬಟ್ಟೆಯನ್ನು ಹೊರಗಿನ ತಂತಿಯ ಮೇಲೇ ಒಣಹಾಕುವವರು. ಸಂಜೆ ಯೆಲ್ಮರ್‌ನ ಪ್ಯಾಂಟುಗಳನ್ನು ಹಲಗೆಯ ಹಾಗೆ ಕಂಕುಳಲ್ಲಿ ಇರುಕಿಕೊಂಡು ತಂದು ಒಲೆಯ ಪಕ್ಕ ನಿಲ್ಲಿಸಿದರು. ಬಿಸಿ ತಾಗುತ್ತಿದ್ದಂತೆ ಒಂದೊಂದೇ ಪ್ಯಾಂಟು ಮೆಲ್ಲಗೆ ಮೊಣಕಾಲು ಮಡಚಿ ಕುಸಿಯಿತು.

ಇಷ್ಟೆಲ್ಲ ಆದರೂ ಊರಲ್ಲಿ ಒಬ್ಬರೂ ಗೊಣಗಲಿಲ್ಲ. ಯಾಕೆಂದರೆ ಕಾಲುವೆ ಹೆಪ್ಪುಗಟ್ಟುತ್ತಿತ್ತು. ಕಾಲುವೆ ಗಟ್ಟಿಯಾದರೆ ಆರೂರು ಸುತ್ತು ನಡೆಯುತ್ತದೆ. ಜನ ಕಾಲಿಗೆ ಅಲಗಿನ ಸ್ಕೇಟು ಕಟ್ಟಿಕೊಂಡು, ಮಂಜುಗಡ್ಡೆಯ ಮೇಲೆ ಜಾರುತ್ತ ಆರು ಊರು ಹಾದು, ಪ್ರತಿ ಊರಿನಲ್ಲೂ ಕೈಚೀಟಿಗೆ ಒಂದು ಮುದ್ರೆ ಹಾಕಿಸಿಕೊಂಡು ಮನೆಗೆ ಮರಳುತ್ತಾರೆ.

ನಮ್ಮೂರಿನ ಕಷ್ಟವೆಂದರೆ ಸೇತುವೆ. ಅದರ ಕೆಳಗೆ ನೀರು ಹರಿಯುತ್ತಲೇ ಇರುವುದರಿಂದ ಅಲ್ಲಿ ಮಂಜುಗಡ್ಡೆ ಯಾವತ್ತೂ ತೆಳು. ಸ್ಕೇಟಿನವರು ಸೇತುವೆಗೆ ಮೊದಲೇ ದಡ ಹತ್ತಿ, ಇಟ್ಟಿಗೆ ಹಾಸಿದ ಬೀದಿಯಲ್ಲಿ ನಡೆದು, ಆಚೆ ಮತ್ತೆ ಇಳಿಯಬೇಕು. ಬರೀ ಇಟ್ಟಿಗೆಯ ಮೇಲೆ ನಡೆದರೆ ಸ್ಕೇಟಿನ ಅಲಗು ಮೊಂಡಾಗಿಬಿಡುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಹಳೆಯ ಕಾರ್ಪೆಟ್ಟು ಹಾಸುವುದು ಊರಿನವರ ಕೆಲಸ. ಹಾಸದಿದ್ದರೆ ಸುತ್ತು ದೊಡ್ಡ ಕಾಲುವೆಯ ಕವಲಲ್ಲೇ ತಿರುಗಿ ನಮ್ಮನ್ನು ಬಿಟ್ಟು ಹೋಗುತ್ತದೆ.

ಕಳೆದ ಬಾರಿ ಹಾಗೇ ಆಗಿತ್ತು. ಎಂಟು ವರ್ಷದ ಹಿಂದೆ, ನಮ್ಮ ಕಡೆ ಗಡ್ಡೆ ಸಾಲದೆಂದು, ಎಲ್ಲ ಸಿದ್ಧವಾದ ಮೇಲೆ ಬೆಳಿಗ್ಗೆ ನಮ್ಮೂರನ್ನು ಕೈಬಿಟ್ಟರು. ಅತ್ತೆಯ ಮನೆ ಇರುವುದು ಸೇತುವೆಯ ಪಕ್ಕದಲ್ಲೇ, ಜನ ಮತ್ತೆ ಕಾಲುವೆಗೆ ಇಳಿಯುವ ಮೆಟ್ಟಿಲ ಎದುರಿಗೇ. ಹಾಲಿನ ದೊಡ್ಡ ಹಂಡೆಯ ತುಂಬ ಬಟಾಣಿ ಸೂಪು ಮಾಡಿಟ್ಟುಕೊಂಡು ಬಾಗಿಲಲ್ಲಿ ನಿಂತೇ ಇದ್ದರು. ಒಂದು ನರಪಿಳ್ಳೆಯೂ ಬರಲಿಲ್ಲ. ಆ ಸೂಪನ್ನು ನಾವು ಈಸ್ಟರ್‌ವರೆಗೂ ತಿಂದೆವು. ಅತ್ತೆ ಹಂಡೆ ತಿಕ್ಕಿ ಅಟ್ಟಕ್ಕೆ ಹಾಕಿದ್ದರು.

ಈ ಸಲ ನಾನು ಹಂಡೆಯನ್ನು ಅಟ್ಟದಿಂದ ಇಳಿಸಿಕೊಡುವಾಗ ಅವರು ನನಗೆ ಹೇಳಿದ್ದರು: "ಇನ್ನೊಂದೇ ಒಂದು ಸಲ ಸುತ್ತು ನನ್ನ ಬಾಗಿಲ ಮುಂದೆ ಹಾದು ಹೋಗೋದನ್ನ ನೋಡ್ಬೇಕು ಕಣೇ ಬಾಕ್ಯೆ. ಇಂಥ ಚಳಿ ಇನ್ನು ಯಾವಾಗ ಬರುತ್ತೋ. ಬಂದಾಗ ನಾನಿರ್ತೀನೋ ಇಲ್ವೋ."

ಅತ್ತೆ ಇಂಥ ಮಾತಾಡುವವರಲ್ಲ. ನಾನು ಸೂಪಿಗೆ ಈರುಳ್ಳಿ ಹೆಚ್ಚಲು ಕೂತೆ.

ದಾರಿಗೆ ಹಾಸುವ ಊರಿನ ಹಳೆಯ ಕಾರ್ಪೆಟ್ಟುಗಳೆಲ್ಲ ಇದ್ದದ್ದು ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ. ಅವುಗಳ ಉಸ್ತುವಾರಿ ಯೆಲ್ಮರ್‌ನದು. ಸುತ್ತಿನ ದಿನ ಬೆಳಿಗ್ಗೆ ಅವನ್ನು ಗಾಡಿಗೆ ಹೇರಲೆಂದು ಹೋದವನು ಬರಿಗೈಯಲ್ಲಿ, ಪೆಚ್ಚುಮೋರೆ ಹಾಕಿಕೊಂಡು ಅತ್ತೆಯ ಅಡುಗೆಮನೆಗೆ ಬಂದ.

"ಅಮ್ಮಾ, ಕಾರ್ಪೆಟ್ ಬಿಚ್ಕೊಳ್ತಿಲ್ಲ."

"ಬಿಚ್ಕೊಳ್ತಿಲ್ಲ ಅಂದ್ರೆ?"

"ನಿನ್ನೆ ತೊಳೆದೆ. ಹಾಲು ಕರೆಯೋ ಕೋಣೆಯಿಂದ ಬಿಸಿನೀರಿನ ಪೈಪು ಎಳ್ಕೊಂಡು, ಸೋಪು ಹಾಕಿ, ಚೆನ್ನಾಗಿ ಉಜ್ಜಿ... ಮತ್ತೆ ಧೂಳು ಕೂರ್ಬಾರ್ದು ಅಂತ ಸುತ್ತಿಟ್ಟಿದ್ದೆ."

"ಇಡೀ ನಾಡೇ ಗಡ್ಡೆ ಕಟ್ಟಿ ಕೂತಿರೋವಾಗ ನೀರು ಹಾಕಿ ತೊಳೆದ್ಯಾ?" ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತು. "ಸ್ಕೇಟಲ್ಲಿ ತುಳಿಯೋ ಕಾರ್ಪೆಟ್ಟಿಗೆ ಸ್ನಾನ ಬೇರೆ! ಬಾಚಣಿಗೆ ಹಾಕಿ ತಲೆ ಬಾಚ್ಲಿಲ್ವಾ?"

"ಇಲಿ ಹಿಕ್ಕೆ ಇತ್ತು ಕಣೇ. ಐದೂರಿನವರು ನೋಡ್ತಾರೆ. ಮಾನ ಹೋಗಲ್ವಾ?"

ಮೂವರೂ ಕೊಟ್ಟಿಗೆಗೆ ಓಡಿದೆವು. ಕಾರ್ಪೆಟ್ಟುಗಳು ಕಡಿದುರುಳಿಸಿದ ಮರದ ದಿಮ್ಮಿಗಳಂತೆ ಸಾಲಾಗಿ ಮಲಗಿದ್ದವು. ಒಂದರ ತುದಿ ಎಳೆದರೆ ಲಟಕ್ಕನೆ ಮುರಿದು ನನ್ನ ಕೈಗೆ ಬಂತು. ಎರಡು ದಿನ ಒಲೆಯ ಮುಂದಿಟ್ಟರೂ ಅವು ಕರಗುವಂತಿರಲಿಲ್ಲ.

ಅತ್ತೆ ಈಗ ಮಗನನ್ನು ಹಿಡಿದು ಜಾಡಿಸುತ್ತಾರೆ ಎಂದು ನಾನು ಕಾದೆ. ಸುಳ್ಳು ಯಾಕೆ, ಆಸೆಯಿಂದಲೇ ಕಾದೆ.

"ಚಿಕ್ಕಂದಿನಿಂದ ತೊಳಿ, ತೊಳಿ ಅಂತ ಇವನ ತಲೆ ತಿಂದೋಳು ನಾನೇ," ಎಂದರು ಅತ್ತೆ. "ಈಗ ಬೈದು ಏನು ಬಂತು? ಆ ಜಾರುಗಾಡಿ ಎಳ್ಕೊಂಡ್ ಬಾರೋ."

ಅಷ್ಟರಲ್ಲಿ ಹೆಸ್ಸೆಲ್ ಬಂದ. ಆರೂ ಊರಿನ ಕಾಲುವೆಗಳ ಮೇಲ್ವಿಚಾರಕ ಅವನು. ಕೈಯಲ್ಲಿ ಗಡ್ಡೆಗೆ ತೂತು ಕೊರೆಯುವ ಉದ್ದನೆಯ ಬೈರಿಗೆ, ಮೀಸೆಯ ತುಂಬ ಹಿಮ. ಅತ್ತೆ ಮತ್ತು ಅವನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ದಿಮ್ಮಿಗಳನ್ನು ನೋಡಿ ಅವನು ತಲೆ ಕೊಡವಿದ.

"ಗಡ್ಡೆ ಚೆನ್ನಾಗಿದೆ ಶೌಕ್ಯೆ. ಆದ್ರೆ ಕಾರ್ಪೆಟ್ ಇಲ್ಲ ಅಂದ್ರೆ ಜನರನ್ನ ಈ ಕಡೆ ಬಿಡಕ್ಕಾಗಲ್ಲ. ಹತ್ತಕ್ಕೆ ಮೊದಲ ಗುಂಪು ಕವಲಿಗೆ ಬರುತ್ತೆ. ಆ ಕಡೆ ತಿರುಗಿಸ್ತೀನಿ."

"ಹತ್ತು ಆಗ್ಲಿ, ಆಮೇಲೆ ತಿರುಗಿಸುವಂತೆ."

"ಎಲ್ಲಿಂದ ತರ್ತೀಯಾ?"

"ಮನೆಗಳಿಂದ. ಜನ ಏನು ಗಾಳಿಲಿ ಓಡಾಡ್ತಾರಾ? ಮನೆ ಅಂದ್ಮೇಲೆ ಕಾಲಡಿಗೆ ಏನಾದ್ರೂ ಇದ್ದೇ ಇರುತ್ತೆ."

ಇರಲಿಲ್ಲ! ಊರಿನ ಅರ್ಧ ಮನೆಗಳಲ್ಲಿ ಈಗ ಹೊಳೆಯುವ ಮರದ ನೆಲ. ಅತ್ತೆ ಮುಂದೆ, ಜಾರುಗಾಡಿ ಎಳೆಯುತ್ತ ಯೆಲ್ಮರ್ ಹಿಂದೆ, ಸಿಕ್ಕಿದ್ದನ್ನೆಲ್ಲ ಹೊರುತ್ತ ನಾನು. ಎಪ್ಪತ್ತೇಳರ ಹೆಂಗಸು ಆ ಜಾರುವ ಬೀದಿಯಲ್ಲಿ ಮರದ ಮೆಟ್ಟು ಟಕಟಕ ಅನ್ನಿಸುತ್ತ ನಡೆದ ರಭಸಕ್ಕೆ ನನಗೆ ಏದುಸಿರು ಬಂತು. ಹೊಸ ಬಡಾವಣೆಯ ಒಂದು ಮನೆಯವಳು ಬಾಗಿಲಲ್ಲೇ ನಿಂತು, "ನಮ್ಮಲ್ಲಿ ಏನೂ ಹಾಸಿಲ್ಲ ಅಜ್ಜಿ," ಅಂದಳು.

"ಇಷ್ಟು ದೊಡ್ಡ ಮನೆ, ಕಾಲಿಗೊಂದು ಚಿಂದಿ ಇಲ್ವೇನೇ? ಸ್ನಾನದ ಮನೆಲಿ ಏನ್ ಮಾಡ್ತೀಯಾ, ಹಾರಿ ಹೊರಗೆ ಬರ್ತೀಯಾ?"

ಅವಳು ನಗುತ್ತ ಹೋಗಿ ಸ್ನಾನದ ಮನೆಯ ಮೂರು ಹಾಸು ತಂದಳು. ಹೋಟೆಲಿನವನು ಮೇಜಿಗೆ ಹೊದಿಸಿದ್ದ ಕಸೂತಿಯ ಹಾಸುಗಳನ್ನು ಕೊಟ್ಟ. ಕುದುರೆ ಸಾಕುವವರು ಕುದುರೆಯ ಕಂಬಳಿ ಕೊಟ್ಟರು. ಯಾರೋ ನಾಯಿಯ ಹಾಸಿಗೆ ಕೊಟ್ಟರು, ಅದರ ಹಿಂದೆ ನಾಯಿಯೂ ಬಂತು. ಬೀದಿಯ ಮೇಲೆ ಅವನ್ನೆಲ್ಲ ಒಂದಕ್ಕೊಂದು ಸೇರಿಸಿ ಹಾಸುತ್ತ ಬಂದರೆ, ಇಡೀ ಊರಿನ ಒಳಮನೆಗಳನ್ನು ತೆಗೆದು ಹೊರಗೆ ಹರವಿದ ಹಾಗಿತ್ತು.

ಅತ್ತೆಯ ಬಾಗಿಲವರೆಗೆ ಬಂದು ಎಲ್ಲವೂ ಮುಗಿದುಹೋಯಿತು. ಅಲ್ಲಿಂದ ಮೆಟ್ಟಿಲವರೆಗೆ ಬರೀ ಇಟ್ಟಿಗೆ. ಹೆಸ್ಸೆಲ್ ಅಲ್ಲೇ ಫೋನು ಹಿಡಿದು ನಿಂತಿದ್ದ.

"ಇಷ್ಟು ಮಾಡಿದ್ದೇ ಹೆಚ್ಚು ಶೌಕ್ಯೆ. ಬೇಜಾರ್ ಮಾಡ್ಕೋಬೇಡ," ಅಂದ. ಅವನಿಗೂ ಸಂಕಟವಾಗಿತ್ತು.

ಅತ್ತೆ ಮನೆಯೊಳಗೆ ಹೋದರು. ಮುಂದಿನ ಕೋಣೆಯ ಬಾಗಿಲು ತೆಗೆದ ಸದ್ದು ಕೇಳಿ ನಾನೂ ಹಿಂದೆಯೇ ಓಡಿದೆ.

ಬೀದಿಯ ಕಡೆಗಿದ್ದ, ಬಂದವರನ್ನು ಕೂರಿಸಲೆಂದೇ ಇಟ್ಟ ಆ ಕೋಣೆಯಲ್ಲಿ ಒಂದು ರತ್ನಗಂಬಳಿಯಿತ್ತು. ಕಡುಗೆಂಪು, ಅಂಚಿಗೆ ನೀಲಿ ಹೂವು. ಮದುವೆಯಾದ ಹೊಸದರಲ್ಲಿ ಅತ್ತೆಯೂ ಮಾವನೂ ಹರಾಜಿನಲ್ಲಿ ಹಿಡಿದು, ಸೈಕಲ್ಲಿನ ಮೇಲೆ ಹೇರಿಕೊಂಡು ನಡೆದೇ ತಂದದ್ದು. ಅದರ ಮೇಲೆ ಇವತ್ತಿನವರೆಗೆ ಒಂದು ಬೂಟು ಬಿದ್ದಿರಲಿಲ್ಲ. ಪಾದ್ರಿಯೇ ಬರಲಿ, ಡಾಕ್ಟರೇ ಬರಲಿ, ಬಾಗಿಲಲ್ಲೇ ಬಿಚ್ಚಬೇಕು. ಮಾವ ತೀರಿಕೊಂಡಾಗ ಪೆಟ್ಟಿಗೆಯನ್ನು ಆ ಕೋಣೆಯಿಂದ ಎತ್ತಿದ ಆರು ಜನ ಗಂಡಸರೂ ಕಾಲುಚೀಲದಲ್ಲೇ ಎತ್ತಿದ್ದರು.

"ಬಾಕ್ಯೆ, ಆ ತುದಿ ಹಿಡಿ."

"ಅತ್ತೆ, ಇದು ಬೇಡ. ಇನ್ನೊಂದೆರಡು ಮನೆ ಕೇಳಿ ಬರ್ತೀನಿ."

"ಎಲ್ಲಾ ಮನೆ ಆಯ್ತು. ಹಿಡಿ ಅಂದ್ನಲ್ಲ."

ಹಿಡಿದೆ. ಬಾಗಿಲಿನಿಂದ ಮೆಟ್ಟಿಲಿಗೆ ಅದು ಹೇಳಿ ಮಾಡಿಸಿದಂತೆ ಸರಿಹೋಯಿತು. ಹೆಸ್ಸೆಲ್ ಬಹಳ ಹೊತ್ತು ಅದನ್ನೇ ನೋಡಿದ. ಅವನೂ ಆ ಪೆಟ್ಟಿಗೆ ಹೊತ್ತವನೇ. ಆಮೇಲೆ ಫೋನಿನಲ್ಲಿ, "ಈ ಕಡೆ ಬಿಡ್ರಪ್ಪ," ಅಂದ.

ಬಂದರು! ಮೊದಲು ಕಿವಿಗೆ ಬಿದ್ದದ್ದು ಗಡ್ಡೆಯ ಮೇಲೆ ಅಲಗು ಉಜ್ಜುವ ಸದ್ದು, ಆಮೇಲೆ ಕಂಡದ್ದು ಬಣ್ಣಬಣ್ಣದ ಟೋಪಿಗಳ ಸಾಲು. ದಡ ಹತ್ತಿ, ಸ್ನಾನದ ಹಾಸು, ಕುದುರೆ ಕಂಬಳಿ ಎಲ್ಲವನ್ನೂ ನಗುನಗುತ್ತ ತುಳಿದುಕೊಂಡು ಬಂದರು. ಎಲ್ಲರ ಮುಂದಿದ್ದ ಎತ್ತರದ ಹುಡುಗಿ ರತ್ನಗಂಬಳಿಯ ಅಂಚಿಗೆ ಬಂದವಳೇ ಗಕ್ಕನೆ ನಿಂತಳು.

"ಇದು ಯಾರದೋ ಮುಂದಿನ ಕೋಣೆದು," ಅಂದಳು. "ತಪ್ಪಿ ಹಾಕ್ಬಿಟ್ಟಿದಾರೆ."

"ತಪ್ಪಿಲ್ಲಮ್ಮ, ನಂದೇ. ತುಳಿ," ಅಂದರು ಅತ್ತೆ, ಹಂಡೆಯ ಹಿಂದಿನಿಂದ.

"ಅಯ್ಯೋ, ಇದನ್ನ ಹೇಗೆ ತುಳಿಯೋದು ಅಜ್ಜಿ?"

ಅವಳ ತಪ್ಪೇನೂ ಇಲ್ಲ. ನಮ್ಮ ಕಡೆ ಮಕ್ಕಳಿಗೆ ನಡೆಯಲು ಕಲಿಸುವ ಮೊದಲು ಬೂಟು ಬಿಚ್ಚಲು ಕಲಿಸುತ್ತಾರೆ. ಅವಳ ಹಿಂದಿನವನು ಅಲ್ಲೇ ಕೂತು ಸ್ಕೇಟಿನ ದಾರ ಬಿಚ್ಚತೊಡಗಿದ. ಇನ್ನೊಬ್ಬ ಪಕ್ಕದ ಇಟ್ಟಿಗೆಗೆ ಇಳಿದು, ಅಲಗು ಕಿರ್ರೆಂದ ಕೂಡಲೇ ಬೈದುಕೊಂಡು ಹಿಂದೆ ಸರಿದ. ಸಾಲು ಸೇತುವೆ ದಾಟಿ ಬೆಳೆಯಿತು. ಕಾಲುವೆಯಲ್ಲಿ ಜನ ಒತ್ತೊತ್ತಾಗಿ ನಿಂತರು. ಅಷ್ಟು ಭಾರ ಒಂದೇ ಕಡೆ ಬಿದ್ದರೆ ಗಡ್ಡೆ ತಡೆಯುವುದಿಲ್ಲ. ಹೆಸ್ಸೆಲ್ ಮತ್ತೆ ಫೋನು ಎತ್ತಿದ.

ಅತ್ತೆ ಸೌಟು ಕೆಳಗಿಟ್ಟರು. ಹಂಡೆಯನ್ನು ಬಳಸಿ ಬಂದು, ಕೊಟ್ಟಿಗೆಯ ಕೆಸರು ಮೆತ್ತಿದ್ದ ಅದೇ ಮರದ ಮೆಟ್ಟಿನಲ್ಲಿ ರತ್ನಗಂಬಳಿಯ ನಟ್ಟನಡುವೆ ಹೋಗಿ ನಿಂತರು. ಒಂದು ಸಲ ಕಾಲು ಅಪ್ಪಳಿಸಿದರು. ಇನ್ನೊಂದು ಸಲ.

"ನೋಡಿದ್ರಾ? ಏನಾಯ್ತು? ಏನೂ ಆಗ್ಲಿಲ್ಲ. ಬನ್ನಿ ಬನ್ನಿ, ಸೂಪು ಆರಿ ಹೋಗ್ತಿದೆ!"

ದನಿ ಗಟ್ಟಿಯಾಗಿತ್ತು, ಗಲ್ಲ ಮಾತ್ರ ನಡುಗುತ್ತಿತ್ತು. ಅದು ನನಗೊಬ್ಬಳಿಗೇ ಕಂಡಿತೇನೋ. ಆ ಕ್ಷಣದಲ್ಲಿ ಅವರ ಮೇಲೆ ನನಗೆ ಉಕ್ಕಿ ಬಂದ ಪ್ರೀತಿಯನ್ನು ನಾನು ಇವತ್ತಿಗೂ ಅವರಿಗೆ ಹೇಳಿಲ್ಲ.

ಎತ್ತರದ ಹುಡುಗಿ ಕಣ್ಣು ಮುಚ್ಚಿಕೊಂಡು ಒಂದು ಹೆಜ್ಜೆಯಿಟ್ಟಳು. ಅವಳ ಹಿಂದೆ ಎಲ್ಲರೂ ನಡೆದರು. ಕತ್ತಲಾಗುವವರೆಗೂ ನಡೆದರು. ಯೆಲ್ಮರ್ ತಲೆ ತಗ್ಗಿಸಿಕೊಂಡು ಚೀಟಿಗಳಿಗೆ ಮುದ್ರೆ ಒತ್ತಿದ. ನಾನು ಬಟ್ಟಲು ತೊಳೆದೆ. ಅತ್ತೆ ಚಮಚ ನೆಟ್ಟಗೆ ನಿಲ್ಲುವಂಥ ಸೂಪನ್ನು ಬಡಿಸುತ್ತ, ಬಂದವರನ್ನೆಲ್ಲ ಯಾವೂರು, ಯಾರ ಮಗ ಎಂದು ವಿಚಾರಿಸುತ್ತ, ಹಂಡೆ ಬರಿದಾಗುವವರೆಗೂ ನಿಂತೇ ಇದ್ದರು. ಒಂದೇ ಒಂದು ಸಲವೂ ನೆಲದ ಕಡೆ ನೋಡಲಿಲ್ಲ.

ಎಲ್ಲ ಮುಗಿದ ಮೇಲೆ ರತ್ನಗಂಬಳಿಯನ್ನು ಒದರಿ, ಒಳಗೆ ಹಾಸಿದೆವು. ನಡುವೆ ನೂಲೆಲ್ಲ ಕಿತ್ತು ಬಂದಿತ್ತು. ನೀಲಿ ಹೂವುಗಳಲ್ಲಿ ಒಂದು ಬದಿಯವು ಇಲ್ಲವೇ ಇಲ್ಲ. ಅತ್ತೆ ಮೇಜನ್ನು ಅದರ ಹಳೆಯ ಜಾಗಕ್ಕೇ ಎಳೆದು, ಕುರ್ಚಿಯಲ್ಲಿ ಕೂತು ಕಾಲು ನೀವಿಕೊಂಡರು. ಹೊರಗಿನಿಂದ ಬಂದ ಯೆಲ್ಮರ್ ಅದರ ಸ್ಥಿತಿ ನೋಡಿ ನಿಟ್ಟುಸಿರು ಬಿಟ್ಟು, ಇನ್ನು ಕೆಡುವುದೇನಿದೆ ಎಂದುಕೊಂಡು ನೇರ ಒಳಗೆ ಕಾಲಿಟ್ಟ.

"ಏಯ್! ಬೂಟು!"

ಅವನು ಬೆಚ್ಚಿಬಿದ್ದು ಹೊಸ್ತಿಲಾಚೆ ಹಾರಿ ಬೂಟು ಬಿಚ್ಚಿದ. ನಾನೂ ಬಿಚ್ಚಿದೆ. ಒಳಗೆ ಹೆಜ್ಜೆಯಿಟ್ಟರೆ ಕಾಲುಚೀಲದಡಿಯಲ್ಲಿ ಅಲಗಿನ ಗೀರುಗಳು ಒಂದೊಂದೇ ತಾಗಿದವು. ಅವರ ಪಕ್ಕ ಕೂತು, ಹೇಳಬೇಕಾದದ್ದನ್ನು ನಮ್ಮೂರಿನವಳಾಗಿ ನನಗೆ ಬರುವಂತೆ ಹೇಳಿದೆ.

"ಪರವಾಗಿಲ್ಲ ಅತ್ತೆ."

ಅವರು ನನ್ನ ಕಡೆ ತಿರುಗಿದರು.

"ಹ್ಞೂಂ," ಅಂದರು. "ಈರುಳ್ಳಿ ಮಾತ್ರ ನೀನು ದಪ್ಪಗೆ ಹೆಚ್ಚಿದ್ದೆ ಕಣೇ."