ನಗುವಿಗೆ ಬಿಟ್ಟ ಜಾಗ

ರಾತ್ರಿ ಚಿಲಕ ಸರಿದ ಸದ್ದಾಯಿತು. ಸಣ್ಣ ಸದ್ದು. ನನ್ನ ನಿದ್ದೆ ಅಂಥದ್ದಕ್ಕೇ ಕಾದಿರುತ್ತದೆ. ಎದ್ದು ನಡುಮನೆಗೆ ಬಂದರೆ ಜಯಕ್ಕ ಬೀದಿಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತಿದ್ದಳು.

"ಬಾರೇ ಸಾಕಮ್ಮ, ಚಪ್ಲಿ ಆಚೆನೇ ಬುಡು. ಕಳ್ಳನೂ ಮುಟ್ಟಾಕಿಲ್ಲ ಅದ್ನ" ಎಂದು ಕತ್ತಲಿಗೆ ಹೇಳಿದಳು. ಆಮೇಲೆ ಯಾರೋ ನಗಲಿ ಎಂದು ಕಾಯುವವಳಂತೆ ಸುಮ್ಮನಾದಳು.

ಬೀದಿಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಿಂದ ಗ್ಯಾಸಿನ ವಾಸನೆ ಬರುತ್ತಿತ್ತು. ಓಡಿಹೋಗಿ ಒಲೆಯ ತಿರುಪು ಮುಚ್ಚಿದೆ. ಒಲೆ ಹತ್ತಿರಲೇ ಇಲ್ಲ, ತಿರುಗಿಸಿ ಬಿಟ್ಟಿದ್ದಳು ಅಷ್ಟೇ.

ಸಾಕಮ್ಮ ಎಂಬುವಳು ಎಲ್ಲಿಯೂ ಇಲ್ಲ. ನಾಲ್ವರು ವಯಸ್ಸಾದ ಗೆಳತಿಯರು ಒಂದೇ ಮನೆಯಲ್ಲಿ ಬಾಳುವ ಹಳೆಯ ನಗೆ ಧಾರಾವಾಹಿಯೊಂದರ ಪಾತ್ರ ಅವಳು. ಅದು ಟಿವಿಯಲ್ಲಿ ಮೊದಲು ಬಂದಾಗ ಜಯಕ್ಕ ನಾಗಮಂಗಲದಲ್ಲಿ ಗುಮಾಸ್ತೆ, ನಾನು ಅಲ್ಲೇ ಕಾಲೇಜಿನ ಲೈಬ್ರೇರಿಯನ್. ನಮ್ಮಿಬ್ಬರ ಊರು ದೇವಲಾಪುರದಿಂದ ಬೆಳಗಿನ ಬಸ್ಸಿನಲ್ಲಿ ಬರುವಾಗ ಹಿಂದಿನ ರಾತ್ರಿಯ ಮಾತುಗಳನ್ನೇ ಆಡಿ ನಗುತ್ತಿದ್ದೆವು. ಒಬ್ಬಳು ಒಂದು ಮಾತು ಎತ್ತಿದರೆ ಇನ್ನೊಬ್ಬಳು ಅದರ ಮುಂದಿನದನ್ನು ಹೇಳಬೇಕು. ಆ ಆಟ ಇವತ್ತಿಗೂ ನಿಂತಿಲ್ಲ.

ಇಬ್ಬರ ಗಂಡಂದಿರೂ ತೀರಿಹೋದ ಮೇಲೆ, "ನಾವೂ ಅಂಗೇ ಒಂದ್ಮನೇಲಿ ಇರಾಣ ಕಣೇ ಪದ್ಮ" ಎಂದಳು. ನಾಗಮಂಗಲದಲ್ಲಿ ಮನೆ ಮಾಡಿದೆವು. ಸಂಜೆಯಾದರೆ ಫೋನಿನಲ್ಲಿ ಅದೇ ಹಳೆಯ ಕಂತುಗಳು. ಅದರಲ್ಲಿ ಯಾರೂ ಮುದುಕಿಯರನ್ನು ಕಂಡು ಅಯ್ಯೋ ಪಾಪ ಅನ್ನುವುದಿಲ್ಲ. ಎಷ್ಟು ಜಗಳವಾದರೂ ಮುಂದಿನ ಕಂತಿನಲ್ಲಿ ನಾಲ್ವರೂ ಮನೆಯಲ್ಲೇ ಇರುತ್ತಾರೆ. ನಮಗೆ ಅದೇ ಸಾಕಾಗಿತ್ತು.

ಭಾನುವಾರ ಪಾಂಡವಪುರದಿಂದ ಜಯಕ್ಕನ ಮಗ ದಿಲೀಪ್ ಬಂದ. ಅವ್ವನಿಗೆ ಮರೆವು ಶುರುವಾದರೆ ಅವತ್ತೇ ಕರೆದೊಯ್ಯುತ್ತೇನೆ ಎಂದು ಮೊದಲೇ ಹೇಳಿದ್ದ. ಅವನ ಮನೆಯಲ್ಲಿ, ಮರೆವು ಬಂದ ಅವನ ಹೆಂಡತಿಯ ತಾಯಿಯ ಕೋಣೆಗೆ ಹೊರಗಿನಿಂದ ಬೀಗ. ಹೋದ ವರ್ಷ ಅದನ್ನು ನೋಡಿ ಬಂದ ಜಯಕ್ಕ ನನ್ನ ಕೈ ಹಿಡಿದು, "ನನ್ನ ಅಲ್ಲಿಗೆ ಕಳಿಸ್ಬ್ಯಾಡ ಕಣೇ" ಎಂದಿದ್ದಳು.

"ಮಾತ್ರೆ ತಕಂಡ್ಯಾ ಅವ್ವ?"

"ನಾನ್ ತಿಂದ ಮಾತ್ರೇಲೇ ಮೆಡಿಕಲ್ ಷಾಪ್ನೋನು ಮನೆ ಮ್ಯಾಲೆ ಮನೆ ಕಟ್ಬುಟ್ಟ ಕಣ್ಲಾ. ಗೃಹಪ್ರವೇಶಕ್ಕಾರ ಕರೀಬೇಕಿತ್ತು."

ದಿಲೀಪ್ ನಕ್ಕ. "ಸರಿ, ಇವತ್ತು ಯಾವ ವಾರ ಹೇಳು."

"ನೀನ್ ಬಂದಿದ್ದೀಯಲ್ಲ, ಕೋಳಿಗೆ ಕೆಟ್ಟ ವಾರ."

"ಅವ್ವನ ಬಾಯಿ ಇನ್ನೂ ಚೂಪಾಗೈತೆ ಬುಡಿ ಆಂಟಿ!"

ನನಗೆ ನಗು ಬರಲಿಲ್ಲ. ಒಂದೊಂದೂ ಧಾರಾವಾಹಿಯದೇ ಮಾತು. ಪ್ರತಿ ಮಾತಿನ ಕೊನೆಗೆ ಜಯಕ್ಕ ತುಸು ನಿಲ್ಲುತ್ತಿದ್ದಳು, ಫೋನಿನ ಕಂತುಗಳಲ್ಲಿ ಪ್ರತಿ ತಮಾಷೆಗೂ ಹಿನ್ನೆಲೆಯಲ್ಲಿ ನಗು ಕೇಳಿಬರುವಷ್ಟು ಹೊತ್ತು. ದಿಲೀಪನ ನಗು ಸರಿಯಾಗಿ ಆ ಜಾಗದಲ್ಲೇ ಬೀಳುತ್ತಿತ್ತು.

ಹೊರಟವನು ತಮಾಷೆಗೆಂಬಂತೆ ಕೇಳಿದ: "ನನ್ ಹೆಸ್ರೇನವ್ವ?"

ಜಯಕ್ಕ ಅವನ ಮುಖ ನೋಡಿದಳು. ಆಮೇಲೆ ನನ್ನ ಮುಖ. ಅವನ ನಗು ನಿಧಾನವಾಗಿ ಆರುತ್ತಿತ್ತು. ಇದಕ್ಕೆ ಹೊಂದುವ ಮಾತು ಯಾವ ಕಂತಿನಲ್ಲಿದೆ ಎಂದು ನಾನು ಹುಡುಕಿದೆ. ಸಿಕ್ಕಿತು.

"ಹೇಳೇ, ಪಾಪ, ದೂರದಿಂದ ಬಂದಿದ್ದಾನೆ" ಎಂದು ಎತ್ತಿಕೊಟ್ಟೆ.

ಅವಳ ಕಣ್ಣು ಬೆಳಗಿತು. "ಹೆಸ್ರು ಮಡಗಿದೋಳು ನಾನು. ಬ್ಯಾಸ್ರ ಆದ್ರೆ ಬದ್ಲಾಯಿಸ್ತೀನಿ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಗೇಟಿನ ಬಳಿ ದನಿ ತಗ್ಗಿಸಿ, "ರಾತ್ರಿ ಹೊತ್ತು ಏನೂ ತೊಂದ್ರೆ ಇಲ್ವಾ ಆಂಟಿ?" ಎಂದ.

"ಇಲ್ಲಪ್ಪ."

ಒಳಗೆ ಬಂದೆ. ಜಯಕ್ಕ ಕಿಟಕಿಯಿಂದ ಅವನ ಕಾರು ತಿರುಗುವುದನ್ನೇ ನೋಡುತ್ತಿದ್ದಳು.

"ಯಾರೇ ಆ ಹುಡ್ಗ? ಚೆಂದಾಗ್ ನಗ್ತಾನೆ."

ಮಲಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ನನ್ನ ಬೀರುವಿನಲ್ಲಿಟ್ಟೆ. ಬೀದಿಬಾಗಿಲಿಗೆ ಒಳಗಿನಿಂದ ಬೀಗ ಜಡಿದು, ಬೀಗದಕೈಯನ್ನು ದಿಂಬಿನಡಿ ಸೇರಿಸಿದೆ. ಪಾಂಡವಪುರದ ಆ ಕೋಣೆ ನೆನಪಾಯಿತು. ಆದರೂ ಇದನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ ದೀಪ ಆರಿಸಿದೆ.